ಕ್ಯಾಸೆಟ್ಟಲ್ಲಿ ಇರೋ ಥರಾನೇ ಬರ್ಬೇಕಾ?

ನಮ್ಮ ಕಡೆ ಆರ್ಕೆಸ್ಟ್ರಾ ಸೀಸನ್ ಗೌರಿ-ಗಣೇಶಕ್ಕೆ ಶುರುವಾದರೆ ದಸರಾ ದಾಟಿ, ನವೆಂಬರ್ ಪೂರ್ತಿ ರಾಜ್ಯೋತ್ಸವದ ವೇದಿಕೆಗಳು ಮುಗಿಯುವ ತನಕ ಎಳೆಯುತ್ತದೆ. ಹಬ್ಬ ಇನ್ನೇನು ಬಂತು ಅನ್ನುವಾಗ ಮೈಸೂರಿನ ಒಂದು ತಂಡದ ಬೇಸ್ ಗಿಟಾರಿಸ್ಟ್ ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟುಹೋದರು. ಅವರ ಜಾಗಕ್ಕೆ ನನಗೆ ಫೋನ್ ಬಂತು. ಅದೇ ರಾತ್ರಿ, ತಂಡದ ಯಜಮಾನರೂ ಆದ ಕೀಬೋರ್ಡ್ ಮೇಷ್ಟ್ರು ವಾಟ್ಸಾಪಿನಲ್ಲಿ ಹಾಡುಗಳ ಪಟ್ಟಿ ಕಳಿಸಿದರು. ರಾಜ್‌ಕುಮಾರ್ ಹಾಡಿದ್ದು ಒಂದಷ್ಟು, ಎಸ್‌ಪಿಬಿ-ಜಾನಕಿ ಯುಗಳ ಗೀತೆ ಒಂದಷ್ಟು, ಹಂಸಲೇಖ ಅವರದು ಬೇಕಾದಷ್ಟು, ಈಚಿನ ಮೆಲೊಡಿಗಳು, ಕೊನೆಗೆ ಕುಣಿಯುವವರಿಗೆ ಅಂತ ಒಂದು ಮೆಡ್ಲಿ. ಇದಲ್ಲದೆ ಮೈಸೂರಿನ ಹೋಟೆಲೊಂದರ ಶನಿವಾರ ಸಂಜೆಗಳಿಗೆ ಬೇರೆಯದೇ ಒಂದು ಇಂಗ್ಲಿಷ್ ಪಟ್ಟಿ. ಕೆಳಗೆ ಒಂದೇ ಸಾಲು: "ಎಲ್ಲಾ ಕ್ಯಾಸೆಟ್ಟಲ್ಲಿ ಇರೋ ಥರಾನೇ ಬರ್ಬೇಕು."

ಮೇಷ್ಟ್ರು ಹಾಗನ್ನುವುದಕ್ಕೆ ಹಿನ್ನೆಲೆ ಇದೆ. ಅವರ ತಂದೆ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಮೈಸೂರಿನ ಇಂಗ್ಲಿಷ್ ಬ್ಯಾಂಡ್ ಅಂದರೆ ಅರಮನೆ ಕಾಲದಿಂದ ಬಂದ ಶಿಸ್ತು. ಎದುರಿಗೆ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಹಾಳೆ, ಹಾಳೆಯಲ್ಲಿ ಇರುವುದಷ್ಟೇ ವಾದ್ಯದಲ್ಲಿ. ಜಯಚಾಮರಾಜ ಒಡೆಯರ್ 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದದ್ದು, ರಷ್ಯಾದ ಮೆಟ್ನರ್ ಅನ್ನುವ ಸಂಗೀತಗಾರನ ಕೃತಿಗಳ ರೆಕಾರ್ಡಿಂಗಿಗೆ ದುಡ್ಡು ಕೊಟ್ಟದ್ದು, ಇವನ್ನೆಲ್ಲ ಮೇಷ್ಟ್ರು ಟೀಗೆ ಕೂತಾಗಲೆಲ್ಲ ಒಂದು ಸಲ ಹೇಳದೆ ಬಿಡುವುದಿಲ್ಲ. ಬರೆದಿಟ್ಟ ಸಂಗೀತವನ್ನು ಬರೆದಂತೆ ನುಡಿಸುವುದು ಅವರಿಗೆ ಮನೆತನದ ಮರ್ಯಾದೆಯ ವಿಷಯ.

ಡ್ರಮ್ಸ್ ನುಡಿಸುವ ಮಂಡ್ಯದ ಹುಡುಗನದು ಇದಕ್ಕೆ ಪೂರಾ ಉಲ್ಟಾ. ಮೊದಲ ಪ್ರಾಕ್ಟೀಸಿನ ದಿನವೇ ನನ್ನ ಬ್ಯಾಗು ಇಳಿಸಿಕೊಳ್ಳುತ್ತಾ ಅಂದ: "ಅಣ್ಣ, ಬೇಸ್ ಯಾರಿಗ್ ಕೇಳ್ಸುತ್ತಣ್ಣ? ನನ್ ಕಿಕ್ ಜೊತೆಗ್ ಬಂದ್ಬುಡು, ಸಾಕು." ಕಿಕ್ ಅಂದರೆ ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್ಮು.

ಇವರಿಬ್ಬರ ನಡುವೆ ನಿಂತು ಆ ಸೀಸನ್ ಪೂರ್ತಿ ನಾನು ಬೇಸ್ ನುಡಿಸಿದೆ.

ಮೂಲದಲ್ಲಿ ಇರುವುದನ್ನು ಮೊದಲು ತಿಳಿದುಕೊಳ್ಳಬೇಕು, ಬಿಡುವುದು ಬದಲಿಸುವುದು ಆಮೇಲಿನ ಮಾತು. ಇಲ್ಲಿ ನಾನು ಮೇಷ್ಟ್ರ ಕಡೆ. ಮೂಲವನ್ನು ಕಲಿಯದೆ "ನನ್ನ ಸ್ಟೈಲು" ಅನ್ನುವವರನ್ನು ಬಹಳ ನೋಡಿದ್ದೇನೆ. ಅವರ ಸ್ಟೈಲು ಎಲ್ಲ ಹಾಡಿಗೂ ಒಂದೇ ಆಗಿರುತ್ತದೆ. ಆದರೆ ತಿಳಿದುಕೊಳ್ಳುವುದೇ ದೊಡ್ಡ ಕೆಲಸ. ನಾಲ್ಕು ತಂತಿಯ ಬೇಸಿನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಝ್. ಮೊಬೈಲಿನ ಸ್ಪೀಕರಿಗೆ ಅದರ ಹತ್ತಿರಕ್ಕೂ ಹೋಗಲು ಆಗುವುದಿಲ್ಲ. ಸ್ವರದ ಜೊತೆಗೇ ಮೇಲೆ ಸಣ್ಣಗೆ ಮೊಳಗುವ ಅನುಸ್ವರಗಳನ್ನು ಹಿಡಿದು ನಮ್ಮ ಕಿವಿಯೇ ಕೆಳಗಿನದನ್ನು ಊಹಿಸಿಕೊಳ್ಳುತ್ತದೆ. ಹೀಗಾಗಿ ಒಳ್ಳೆಯ ಹೆಡ್‌ಫೋನ್ ಇಲ್ಲದೆ ಬೇಸ್ ಕಲಿಯಲು ಕೂರಲೇಬಾರದು. ಹಳೆಯ ಹಾಡುಗಳಲ್ಲಿ ಮತ್ತೊಂದು ತೊಡಕು. ಟೇಪಿನಿಂದ ಟೇಪಿಗೆ ಇಳಿದು, ಯಾರೋ ಅಪ್‌ಲೋಡ್ ಮಾಡಿ ನಮ್ಮ ಕೈಗೆ ಬರುವ ಹೊತ್ತಿಗೆ ವೇಗ ಒಂದಿಷ್ಟು ಹೆಚ್ಚೋ ಕಡಿಮೆಯೋ ಆಗಿ, ಶ್ರುತಿ ಎರಡು ಸ್ವರಗಳ ಮಧ್ಯೆ ಎಲ್ಲೋ ನಿಂತಿರುತ್ತದೆ. ಅದಕ್ಕೆ ಗಿಟಾರನ್ನು ಶ್ರುತಿ ಮಾಡಿಕೊಂಡು ಕೂರುವ ಬದಲು, ಆ್ಯಪ್‌ನಲ್ಲಿ ಹಾಡನ್ನೇ ಸರಿಯಾದ ಶ್ರುತಿಗೆ ಎಳೆದುಕೊಂಡು, ಅರ್ಧ ವೇಗಕ್ಕೆ ಇಳಿಸಿ, ಇಡೀ ಹಾಡನ್ನು ಒಂದು ಸ್ಥಾಯಿ ಮೇಲಕ್ಕೆ ಏರಿಸಿ ಕೇಳುತ್ತೇನೆ. ಗಾಯಕರು ಅಳಿಲಿನ ಹಾಗೆ ಕಿರುಚಿದರೂ ಬೇಸ್ ಮಾತ್ರ ಗಿಟಾರಿನಷ್ಟು ಸ್ಪಷ್ಟವಾಗಿ ಮುಂದೆ ಬರುತ್ತದೆ. ಮನೆಯವರಿಗೆ ಇದು ಹಿಂಸೆ, ಬಾಗಿಲು ಹಾಕಿಕೊಳ್ಳಬೇಕು.

ಈಗ ಹಾಡಿನಿಂದ ದನಿ, ಡ್ರಮ್ಸ್, ಬೇಸ್, ಉಳಿದದ್ದು ಅಂತ ಬೇರ್ಪಡಿಸಿ ಕೊಡುವ ಆ್ಯಪ್‌ಗಳೂ ಇವೆ. 2019ರಲ್ಲಿ ಡೀಜರ್ ಕಂಪನಿ ಸ್ಪ್ಲೀಟರ್ ಅನ್ನುವುದನ್ನು ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ ಇವು ನಮ್ಮಂಥವರ ಕೈಗೂ ಸಿಕ್ಕವು. ದೊಡ್ಡ ಉಪಕಾರವೇ. ಆದರೆ ಅವನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ನನಗೆ ಈ ಇಡೀ ವ್ಯವಹಾರದ ತಿರುಳು ಸಿಕ್ಕಿದ್ದು ಅವು ತಪ್ಪು ಹೇಳಿದ ಒಂದು ಜಾಗದಲ್ಲೇ.

ಎಪ್ಪತ್ತರ ದಶಕದ ಒಂದು ಯುಗಳ ಗೀತೆ. ಬೇರ್ಪಡಿಸಿದ ಬೇಸನ್ನು ಒಂದೇ ಹಾಕಿ ಕೇಳುತ್ತಿದ್ದೆ. ಸಾಲಿನ ಕೊನೆಗೊಮ್ಮೆ, ಗಾಯಕಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ, ಕೆಳಗಿನಿಂದ ಒಂದು ಸ್ವರ ಜಾರಿ ಮೇಲೆ ಬರುತ್ತಿತ್ತು. ಎಂಥ ಚೆಂದದ ಜಾರು! ಎ ತಂತಿಯಲ್ಲಿ ಹುಡುಕಿದೆ, ಇ ತಂತಿಯಲ್ಲಿ ಹುಡುಕಿದೆ. ಸ್ವರ ಸಿಕ್ಕುತ್ತದೆ, ಆದರೆ ಆ ಶಬ್ದ ಆಗುವುದಿಲ್ಲ. ಬೇಸಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ಜಾರಿಸಿದರೆ ಫ್ರೆಟ್ ಮೇಲೆ ಫ್ರೆಟ್ ಹತ್ತಿದ ಮೆಟ್ಟಿಲುಗಳು ಸಣ್ಣಗೆ ಕೇಳುತ್ತವೆ. ಇಲ್ಲಿ ಮೆಟ್ಟಿಲೇ ಇಲ್ಲ, ಎಣ್ಣೆ ಹಚ್ಚಿದಂತೆ ಹೋಗುತ್ತಿದೆ. ತಂತಿ ಮೀಟಿದ ಗುರುತೂ ಇಲ್ಲ. ಇಡೀ ಹಾಡನ್ನು ಮತ್ತೆ ಹಾಕಿ ಅದೇ ಜಾಗಕ್ಕೆ ಬಂದು ಕಿವಿ ಕೊಟ್ಟರೆ ಗೊತ್ತಾಯಿತು, ಅದು ಬೇಸೇ ಅಲ್ಲ. ತಬಲಾದವರ ಎಡಗೈ. ಅಂಗೈ ಬುಡವನ್ನು ತಬಲಾ ಜೋಡಿಯ ದೊಡ್ಡದರ, ಅಂದರೆ ಡಗ್ಗಾದ ಮೇಲೆ ಒತ್ತಿ ಮುಂದಕ್ಕೆ ಜಾರಿಸಿದಾಗ ಬರುವ ಆ 'ಘುಂ...'. ಆ್ಯಪ್‌ಗೆ ಡಗ್ಗಾ ಎಲ್ಲಿ ಗೊತ್ತು? ಕೆಳಗಿನ ಸ್ಥಾಯಿಯಲ್ಲಿ ಸ್ವರದ ಥರ ಕೇಳಿದ್ದೆಲ್ಲ ಅದಕ್ಕೆ ಬೇಸ್. ನಿಜವಾದ ಬೇಸು ಆ ಹಾಡಿನಲ್ಲಿ ಆಧಾರ ಸ್ವರ, ಪಂಚಮ, ಮತ್ತೆ ಆಧಾರ ಸ್ವರ ಅಂತ ಸುಮ್ಮನೆ ನಡೆದುಕೊಂಡು ಹೋಗಿತ್ತು.

ಇದಾದ ಮೇಲೆ ಪಟ್ಟಿಯಲ್ಲಿದ್ದ ಹಳೆಯ ಹಾಡುಗಳನ್ನೆಲ್ಲ ಬೇರೆ ಕಿವಿಯಿಂದ ಕೇಳಲು ಶುರು ಮಾಡಿದೆ. ಕೆಳಗಿನ ಮನೆಯಲ್ಲಿ ಯಾರ್ಯಾರು ಇದ್ದಾರೆ ಅಂತ ನೋಡುವುದು. ಡಗ್ಗಾ, ಢೋಲಕ್‌ನ ಎಡಬದಿ, ಸೆಲ್ಲೋ, ಕೆಲವು ಕಡೆ ಗಿಟಾರಿನ ಕೆಳತಂತಿಗಳು. ಆಗ ಮದ್ರಾಸಿನ ಸ್ಟುಡಿಯೋದಲ್ಲಿ ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸುತ್ತಿದ್ದ ಕಾಲ. ಇಷ್ಟು ಜನ ಸೇರಿ ಹೊತ್ತ ಭಾರ ಅದು. ಅದಕ್ಕೇ ಬೇಸ್ ವಾದಕ ಅಷ್ಟು ಕಡಿಮೆ ನುಡಿಸಿ ಕೈ ಕಟ್ಟಿ ಕೂರಬಹುದಿತ್ತು. ನಮ್ಮ ತಂಡದಲ್ಲಿ ಇರುವುದು ಕೀಬೋರ್ಡು, ಗಿಟಾರು, ಡ್ರಮ್ಸು, ರಿದಮ್ ಪ್ಯಾಡು, ನಾನು. ತಬಲಾದವರನ್ನು ಕರೆಸುವುದು ಪೇಮೆಂಟು ಚೆನ್ನಾಗಿದ್ದಾಗ ಮಾತ್ರ. ಮೂಲದ ಬೇಸನ್ನು ಒಂದು ಸ್ವರ ಬಿಡದೆ ನುಡಿಸಿದರೆ ನನ್ನ ಭಾಗ ಮೂಲದಂತೆಯೇ ಇರುತ್ತದೆ, ಹಾಡು ಮಾತ್ರ ಇರುವುದಿಲ್ಲ. ಕೇಳುವವರು ಮನೆಗೆ ಒಯ್ದದ್ದು ಬೇಸ್ ಗಿಟಾರನ್ನಲ್ಲ, ಹಾಡಿನ ತಳವನ್ನು.

ಮೇಷ್ಟ್ರಿಗೆ ಇದನ್ನು ಹೇಳಿದೆ. "ಅಂದ್ರೆ ಏನ್ ಮಾಡ್ತೀರಾ?" ಅಂದರು. ಸರಸ್ವತಿಪುರಂನಲ್ಲಿ ಅವರ ಮನೆಯ ಶೆಡ್ಡೇ ನಮ್ಮ ಪ್ರಾಕ್ಟೀಸಿನ ಜಾಗ. ರಾತ್ರಿ ಒಂಬತ್ತಾದರೆ ಪಕ್ಕದ ಮನೆಯವರು ಕೆಮ್ಮಲು ಶುರು ಮಾಡುತ್ತಾರೆ. ಮಾತು ಬೆಳೆಸದೆ ನುಡಿಸಿ ತೋರಿಸಿದೆ. ನಡೆಯುವ ಬೇಸನ್ನು ಹಾಗೇ ಇಟ್ಟು, ಸಾಲಿನ ಕೊನೆಗೆ ಮಾತ್ರ ಡಗ್ಗಾದ ಜಾರು. ತಂತಿಯನ್ನು ಹೆಬ್ಬೆರಳ ಬದಿಯಿಂದ ಮೃದುವಾಗಿ ತಟ್ಟಿ, ಬಲಗೈ ಅಂಗೈಯನ್ನು ಬ್ರಿಡ್ಜಿನ ಹತ್ತಿರ ಒರಗಿಸಿ ದನಿ ಮಂಕು ಮಾಡಿ, ಎಡಗೈ ಬೆರಳನ್ನು ಸ್ವರ ಆರುವ ಮುಂಚೆ ಮೇಲಕ್ಕೆ ಜಾರಿಸಿದರೆ ಫ್ರೆಟ್‌ನ ಮೆಟ್ಟಿಲು ಹೆಚ್ಚು ಕೇಳುವುದಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಕ್ಯಾಸೆಟ್ಟಲ್ಲಿ ಇದೆ ಅಂತೀರಾ?" ಅಂದರು. ಇದೆ, ಆದರೆ ನನ್ನ ವಾದ್ಯದಲ್ಲಿ ಇಲ್ಲ ಅಂದೆ. "ಕ್ಯಾಸೆಟ್ಟಲ್ಲಿ ಇದ್ಮೇಲೆ ಸರಿ" ಅಂದು ಮುಂದಿನ ಹಾಡಿಗೆ ಹೋದರು.

ಎಲ್ಲ ಹಾಡಿಗೂ ಈ ಸೂತ್ರ ಹಾಕಲು ಬರುವುದಿಲ್ಲ. ಬೇಸ್ ತಾನೇ ಒಂದು ರಾಗವಾಗಿ ನಿಂತಿರುವ ಹಾಡುಗಳಿವೆ. 1981ರ 'ಗೀತಾ' ಚಿತ್ರದ 'ಜೊತೆಯಲಿ ಜೊತೆಜೊತೆಯಲಿ' ಪಟ್ಟಿಯಲ್ಲಿತ್ತು. ಇರಲೇಬೇಕು, ಇಲ್ಲದಿದ್ದರೆ ಮಂಡ್ಯದಲ್ಲಿ ವೇದಿಕೆಯಿಂದ ಇಳಿಯಲು ಬಿಡುವುದಿಲ್ಲ. ಅದರ ಸಂಗೀತ ಇಳಯರಾಜ ಅವರದು, ಅವರು ಸ್ವತಃ ಗಿಟಾರಿಸ್ಟ್. ಸಂಗೀತ ನಿರ್ದೇಶಕರಾಗುವ ಮೊದಲು ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಕನ್ನಡ ಚಿತ್ರಗಳಿಗೆ ಕೆಲಸ ಮಾಡಿದವರು. ಪ್ರತಿ ವಾದ್ಯಕ್ಕೂ ತಾವೇ ನೊಟೇಷನ್ ಬರೆದು ಕೊಡುವ ಪದ್ಧತಿ ಅವರದು. ಅಂದ ಮೇಲೆ ಅಲ್ಲಿನ ಬೇಸ್ ಆ ದಿನ ಸ್ಟುಡಿಯೋಗೆ ಬಂದ ವಾದಕನಿಗೆ ತೋಚಿದ್ದಲ್ಲ, ಪಲ್ಲವಿಯ ಹಾಗೆ ಅದೂ ರಚನೆಯ ಭಾಗ. ಅದರಲ್ಲಿ ಕೈ ಆಡಿಸಲು ನನಗೆ ಯಾವ ಹಕ್ಕೂ ಇಲ್ಲ ಅಂತ ನನ್ನ ನಂಬಿಕೆ. ನಮ್ಮ ಗಾಯಕಿ ವೀಣೆ ಕಲಿತವರು, ಕರ್ನಾಟಕ ಸಂಗೀತದ ಪಾಠ ಗಟ್ಟಿಯಾಗಿ ಆದವರು. ಅವರು ಇದನ್ನು ಒಂದೇ ಮಾತಿನಲ್ಲಿ ಮುಗಿಸಿದರು: "ಸರ್, ಕೃತಿಗೆ ಪಾಠಾಂತರ ಬಿಡಬಾರ್ದು. ಸ್ವರ ಹಾಕೋವಾಗ ನಿಮ್ಮಿಷ್ಟ."

ಹಾಗಾದರೆ ಯಾವ ಬೇಸ್ ಕಲಿತ ಪಾಠದಂತೆಯೇ ಒಪ್ಪಿಸಬೇಕಾದ ಕೃತಿ, ಯಾವುದು ಆ ಗಳಿಗೆಗೆ ಹೊಳೆಯುವ ಮನೋಧರ್ಮ? ಹೋಟೆಲಿನ ಇಂಗ್ಲಿಷ್ ಪಟ್ಟಿಯಲ್ಲಿ ಈ ಪ್ರಶ್ನೆ ನೇರವಾಗಿ ಎದುರಾಯಿತು. ಕ್ವೀನ್ ತಂಡದ 'ಅನದರ್ ಒನ್ ಬೈಟ್ಸ್ ದ ಡಸ್ಟ್', 1980ರದ್ದು, ಬೇಸ್ ವಾದಕ ಜಾನ್ ಡೀಕನ್ ಬರೆದ ಹಾಡು. ಅಲ್ಲಿ ಬೇಸ್ ಅಂದರೆ ಹಾಡು, ಹಾಡು ಅಂದರೆ ಬೇಸ್. ಅದಕ್ಕೆ ಒಂದು ಸ್ವರ ಸೇರಿಸಿದರೂ ಬಾರ್ ಕೌಂಟರಿನಲ್ಲಿ ಬೆನ್ನು ತಿರುಗಿಸಿ ನಿಂತವನಿಗೂ ಗೊತ್ತಾಗುತ್ತದೆ. ಅದೇ ಪಟ್ಟಿಯಲ್ಲಿ ಮಾರ್ವಿನ್ ಗೇ, ಟ್ಯಾಮಿ ಟೆರೆಲ್ ಹಾಡಿದ ಅಮೆರಿಕದ ಮೋಟೌನ್ ಕಂಪನಿಯ 1967ರ ಒಂದು ಯುಗಳವೂ ಇತ್ತು, 'ಏನ್ಟ್ ನೋ ಮೌಂಟನ್ ಹೈ ಇನಫ್'. ಅದರಲ್ಲಿ ಬೇಸ್ ಜೇಮ್ಸ್ ಜೇಮರ್ಸನ್ ಅವರದು. ಬಹುಕಾಲ ರೆಕಾರ್ಡುಗಳ ಮೇಲೆ ಹೆಸರು ಕೂಡ ಇರದ ಮನುಷ್ಯ. ಜಾಝ್‌ನಿಂದ, ದೊಡ್ಡ ಡಬಲ್ ಬೇಸಿನಿಂದ ಬಂದವರು. ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು, ತಂತಿ ಹಳತಾದರೂ ಬದಲಿಸುತ್ತಿರಲಿಲ್ಲ. ಎದುರಿಗೆ ಹೆಚ್ಚಾಗಿ ಕಾರ್ಡ್‌ಗಳ, ಅಂದರೆ ಸ್ವರಗುಚ್ಛಗಳ ಹೆಸರು ಬರೆದ ಹಾಳೆ ಮಾತ್ರ, ಉಳಿದದ್ದು ಅವರ ತಲೆಯಿಂದ ಬಂದದ್ದು. ಒಂದೇ ಹಾಡಿನಲ್ಲಿ ಎರಡನೇ ಚರಣದ ಬೇಸ್ ಮೊದಲನೆಯದರಂತೆ ಇರುವುದಿಲ್ಲ.

ಇದನ್ನು ಸ್ವರ ಸ್ವರ ಬರೆದುಕೊಂಡು ಕಲಿತೆ. ಕಲಿತು ನುಡಿಸಿದರೆ ಎಲ್ಲವೂ ಸರಿ ಇದೆ, ಆದರೆ ಯಾರೋ ಬೇರೆಯವರು ಹೇಳಿದ ಜೋಕನ್ನು ಅವರದೇ ಕೆಮ್ಮು ಸಮೇತ ಒಪ್ಪಿಸಿದ ಹಾಗಿತ್ತು. ಜೇಮರ್ಸನ್ ಆ ಗಳಿಗೆಯಲ್ಲಿ ಆ ಗಾಯಕರಿಗೆ ಉತ್ತರ ಕೊಡುತ್ತಿದ್ದರು. ನಮ್ಮ ಗಾಯಕಿ ಸಾಲನ್ನು ಬೇರೆ ಕಡೆ ಮುರಿಯುತ್ತಾರೆ, ಉಸಿರು ಬೇರೆ ಕಡೆ ತೆಗೆಯುತ್ತಾರೆ. ಉತ್ತರ ಮಾತ್ರ ಹಳೆಯದೇ ಇಟ್ಟುಕೊಂಡರೆ ಹೇಗೆ? ಅಲ್ಲಿ ನಾನು ಇಟ್ಟುಕೊಂಡದ್ದು ಮೂರು ಸಂಗತಿ: ಚರಣದಿಂದ ಪಲ್ಲವಿಗೆ ಏರುವ ದಾರಿ, ತೋರುಬೆರಳಿನ ಆ ಗುಂಡನೆ ಹೊಡೆತ, ಮತ್ತೆ ಸಾಲು ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರುವ ಅವರ ಸಭ್ಯತೆ. ಮಿಕ್ಕಿದ್ದು ಆಯಾ ಸಂಜೆಯದ್ದು.

'ಹೋಟೆಲ್ ಕ್ಯಾಲಿಫೋರ್ನಿಯಾ' ಬಗ್ಗೆ ಹೇಳದಿದ್ದರೆ ಹೋಟೆಲ್ ಬ್ಯಾಂಡಿನವನಾಗಿ ನಾನು ಪೂರ್ತಿ ಹೇಳಿದಂತಾಗುವುದಿಲ್ಲ. 1976ರ ಕೊನೆಗೆ ಬಂದ ಈಗಲ್ಸ್ ತಂಡದ ಆಲ್ಬಮ್ಮು, ಬೇಸ್ ರ‍್ಯಾಂಡಿ ಮೈಸ್ನರ್ ಅವರದು. ಎಲ್ಲರೂ ಗಿಟಾರ್ ಸೋಲೋ ಕಲಿಯುತ್ತಾರೆ, ಚರಣದ ಬೇಸನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ಅಲ್ಲಿ ಸ್ವರಕ್ಕಿಂತ ಬಿಡುವು ಜಾಸ್ತಿ. ನುಡಿಸಿ ತಕ್ಷಣ ತಂತಿಯನ್ನು ಅಂಗೈಯಿಂದ ಮುಚ್ಚಬೇಕು, ಆ ಖಾಲಿಯಲ್ಲೇ ಹಾಡಿನ ಬಿಸಿಲು ಇರುವುದು. ನಾನು ಬಿಟ್ಟ ಖಾಲಿಯಲ್ಲೆಲ್ಲ ನಮ್ಮ ಡ್ರಮ್ಮರ್ ಕಿಕ್ ತುಂಬುತ್ತಿದ್ದ. "ಅಲ್ಲೇನೂ ಇಲ್ವಲ್ಲಣ್ಣ, ಅದ್ಕೆ ಹಾಕ್ದೆ" ಅಂದ. ಅಲ್ಲಿ ಏನೂ ಇಲ್ಲದಿರುವುದೇ ಮೂಲದಲ್ಲಿ ಇರುವುದು ಅಂದೆ. "ಏನೂ ಇಲ್ದಿರೋದನ್ನ ಕಾಪಿ ಹೊಡೀಬೇಕಾ?" ಅಂತ ನಕ್ಕ. ಹೌದು, ನನ್ನ ಪ್ರಕಾರ ಮೂಲಕ್ಕೆ ನಿಷ್ಠೆ ಅನ್ನುವುದರಲ್ಲಿ ಕಷ್ಟದ ಭಾಗ ಅದೇ. ಸ್ವರಗಳನ್ನು ಯಾರು ಬೇಕಾದರೂ ಕಲಿಯಬಹುದು, ಬಿಟ್ಟ ಜಾಗವನ್ನು ಬಿಟ್ಟ ಹಾಗೇ ಇಡುವುದಕ್ಕೆ ತಾಳ್ಮೆ ಬೇಕು. ಆ ಹಾಡಿನ ವಿಷಯದಲ್ಲಿ ನನಗೂ ಅವನಿಗೂ ಇವತ್ತಿಗೂ ಒಮ್ಮತ ಇಲ್ಲ. ಶನಿವಾರ ಜನ ಜಾಸ್ತಿ ಇದ್ದರೆ ಅವನು ಗೆಲ್ಲುತ್ತಾನೆ.

ಇಷ್ಟರ ಮೇಲೆ ಶ್ರುತಿಯ ಕಥೆ ಬೇರೆ. ಜಾನಕಿ ಅಮ್ಮ ಹಾಡಿದ ಎತ್ತರದಲ್ಲಿ ಮೂರು ಗಂಟೆ ಹಾಡುವುದು ಯಾರಿಗಾದರೂ ಕಷ್ಟ. ಒಂದು ಹಾಡು ನಾಲ್ಕು ಮನೆ ಶ್ರುತಿಯಲ್ಲಿತ್ತು. ಗಾಯಕಿ "ಎರಡೂವರೆಗೆ ಇಳಿಸಿ ಸರ್" ಅಂದರು, ಅಂದರೆ ಕೀಬೋರ್ಡಿನಲ್ಲಿ ಕಪ್ಪು ಬಿಳಿ ಸೇರಿ ಎರಡು ಕೀಲಿ ಕೆಳಗೆ. ಮೇಷ್ಟ್ರು ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಒತ್ತಿದರು, ಅವರ ಕೆಲಸ ಮುಗಿಯಿತು. ಬೆರಳು ಹಳೆಯ ಜಾಗದಲ್ಲೇ, ದನಿ ಹೊಸ ಶ್ರುತಿಯಲ್ಲಿ. ಗಿಟಾರಿನವನು ಕಾರ್ಡಿನ ಆಕಾರ ಬದಲಿಸಿಕೊಂಡ. ಬೇಸಿಗೆ ಬಟನ್ನೂ ಇಲ್ಲ, ಕೆಳಗೆ ಜಾಗವೂ ಇಲ್ಲ. ಮೂಲದಲ್ಲಿ ಹಾಡಿನ ಆಧಾರ ಸ್ವರ ಎಫ್, ನನ್ನ ಇ ತಂತಿಯ ಮೊದಲ ಫ್ರೆಟ್ಟು. ಅಲ್ಲಿಂದ ಎರಡು ಇಳಿದರೆ ಇ ಫ್ಲಾಟ್, ನಾಲ್ಕು ತಂತಿಯ ಬೇಸಿನಲ್ಲಿ ಇಲ್ಲವೇ ಇಲ್ಲ. ಎ ತಂತಿಯ ಆರನೇ ಫ್ರೆಟ್ಟಿಗೆ ಹೋಗಿ ಒಂದು ಸ್ಥಾಯಿ ಮೇಲೆ ನುಡಿಸಬಹುದು, ಸ್ವರ ಅದೇ. ಆದರೆ ಪಲ್ಲವಿಗೆ ಬಂದು ಬೀಳುವಾಗ ಮೂಲದಲ್ಲಿ ನೆಲ ಸಿಕ್ಕಿದಂತೆ ಆಗುತ್ತಿದ್ದದ್ದು ಇಲ್ಲಿ ಆಗುವುದಿಲ್ಲ.

ದಾರಿಗಳು ಒಟ್ಟು ಇಷ್ಟೇ. ಇ ತಂತಿಯನ್ನು ಸಡಿಲಿಸಿ ಡಿಗೆ ಇಳಿಸುವುದು. ಆದರೆ ಹಾಡು ಹಾಡಿಗೂ ತಂತಿ ಸಡಿಲಿಸಿ ಬಿಗಿ ಮಾಡುತ್ತಾ ನಿಂತರೆ ನಿರೂಪಕರ ಜೋಕು ಮುಗಿದರೂ ನನ್ನ ಶ್ರುತಿ ಮುಗಿಯುವುದಿಲ್ಲ. ಇಲ್ಲವೇ ಕೆಳಗಡೆ ಬಿ ತಂತಿ ಇರುವ ಐದು ತಂತಿಯ ಬೇಸ್ ತರುವುದು, ಅದರಲ್ಲಿ ಆ ಇ ಫ್ಲಾಟ್ ನಾಲ್ಕನೇ ಫ್ರೆಟ್ಟಿನಲ್ಲಿ ಸಿಗುತ್ತದೆ. ಇಲ್ಲವೇ ಬೇಸಿನ ನಡೆಯನ್ನೇ ತಿದ್ದುವುದು. ನಾನು ಆ ಸೀಸನ್ನಿಗೆ ಮೂರನೆಯದನ್ನು ಹಿಡಿದೆ. ಚರಣದಲ್ಲೇ ಬೇಸನ್ನು ಮೂಲಕ್ಕಿಂತ ಇನ್ನಷ್ಟು ಮೇಲಕ್ಕೆ ಏರಿಸಿಟ್ಟು, ಪಲ್ಲವಿಗೆ ಬರುವಾಗ ಆರನೇ ಫ್ರೆಟ್ಟಿಗೆ ಇಳಿದರೂ ಅದು ಇಳಿದಂತೆ ಕೇಳುವ ಹಾಗೆ ಮಾಡಿದೆ. ಸ್ವರಗಳು ಒಂದೂ ಮೂಲದವಲ್ಲ, ಬೀಳುವ ಅನುಭವ ಮೂಲದ್ದು. ಮೇಷ್ಟ್ರು ಏನೂ ಅನ್ನಲಿಲ್ಲ, ಅವರಿಗೆ ಇಷ್ಟವಾಗಲಿಲ್ಲ ಅಂತ ಗೊತ್ತಾಯಿತು. ಐದು ತಂತಿಯದು ಆಮೇಲೆ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಈಗ ಅದರಲ್ಲೇ ನುಡಿಸುತ್ತೇನೆ, ಆ ಹಾಡನ್ನೂ ಮೂಲದ ನಡೆಗೇ ತಂದೆ. ಆದರೂ ನನಗೆ ನನ್ನ ತಿದ್ದಿದ ನಡೆಯೇ ಹೆಚ್ಚು ಹಿತವಾಗಿತ್ತು ಅಂತ ಇಲ್ಲಿ ಹೇಳಿಬಿಡುತ್ತೇನೆ, ಮೇಷ್ಟ್ರ ಮುಂದೆ ಹೇಳಿಲ್ಲ.

ಮೊದಲ ಕಾರ್ಯಕ್ರಮ ಮಂಡ್ಯದ ಒಂದು ಬಡಾವಣೆಯ ಗಣಪತಿ. ಬೀದಿಗೆ ಅಡ್ಡಲಾಗಿ ವೇದಿಕೆ, ಎರಡೂ ಕಡೆ ಆಳೆತ್ತರದ ಬಾಕ್ಸು, ಪಕ್ಕದಲ್ಲಿ ಜನರೇಟರಿನ ಗುಡುಗುಡು. ಹಿಂದೆಯೇ ಅಡುಗೆಯವರು ಪ್ರಸಾದಕ್ಕೆ ಪುಳಿಯೋಗರೆ ಕಲಸುತ್ತಿದ್ದರು, ಆ ಹುಳಿ-ಒಗ್ಗರಣೆ ವಾಸನೆ ಬರುವಾಗ ಸೌಂಡ್ ಚೆಕ್ ಮಾಡುವುದು ಶಿಕ್ಷೆ. ಸೌಂಡಿನವರು ಬೇಸನ್ನು ನೇರ ಮಿಕ್ಸರಿಗೆ ತೆಗೆದುಕೊಂಡು, ನನ್ನ ಮುಖ ನೋಡದೆ ಕೆಳದನಿಯ 'ಲೋ' ಗುಂಡಿಯನ್ನು ಪೂರ್ತಿ ಏರಿಸಿದರು. ಇದು ಪ್ರತಿ ಊರಿನ ಕಥೆ. ಸೌಂಡಿನವರಿಗೆ ಬೇಸ್ ಅಂದರೆ ಎದೆಗೆ ಗುದ್ದಬೇಕು. ಬಯಲಿನಲ್ಲಿ ಅದು ಹೇಗೋ ನಡೆದುಹೋಗುತ್ತದೆ. ಕಲ್ಯಾಣ ಮಂಟಪದಲ್ಲಾದರೆ ಅನಾಹುತ. ಕೆಳಗಿನ ಇ ಸ್ವರದ ಅಲೆಯ ಉದ್ದವೇ ಎಂಟು ಮೀಟರ್ ದಾಟುತ್ತದೆ. ಗ್ರಾನೈಟ್ ನೆಲ, ಬರೀ ಗೋಡೆ, ಎತ್ತರದ ಸೂರು ಇರುವ ಕಡೆ ಹೊರಟ ಸ್ವರ ಬೇಗ ಸಾಯುವುದಿಲ್ಲ, ಮುಂದಿನದರ ಮೇಲೆ ಬಂದು ಬೀಳುತ್ತದೆ. ಮೂಲದ ಬೇಸಿನಲ್ಲಿ ಎಂಟು ಸ್ವರ ಇದ್ದರೆ ಅಲ್ಲಿ ಕೇಳುವುದು ಒಂದು ಗುಂಯ್ ಅಷ್ಟೇ. ಅಂಥ ಕಡೆ ನಾಲ್ಕನ್ನು ಬಿಟ್ಟು ನಾಲ್ಕನ್ನು ನುಡಿಸಿದರೆ ಎಂಟು ನುಡಿಸಿದ್ದಕ್ಕಿಂತ ಮೂಲಕ್ಕೆ ಹತ್ತಿರ ಕೇಳುತ್ತದೆ. ನಂಬದವರು ಮೊಬೈಲಿನಲ್ಲಿ ಹಿಂದಿನ ಸಾಲಿನಿಂದ ರೆಕಾರ್ಡ್ ಮಾಡಿಸಿ ಕೇಳಬಹುದು.

ಆ ರಾತ್ರಿ ತಬಲಾ ಇರಲಿಲ್ಲ. ಕೊಳಲಿಗೆ ಮಾತ್ರ ಹೊರಗಿನವರೊಬ್ಬರನ್ನು ಕರೆಸಿದ್ದರು, ಪ್ರಾಕ್ಟೀಸಿಗೆ ಬಂದವರಲ್ಲ, ನೇರ ವೇದಿಕೆಗೆ ಹತ್ತಿದವರು. ಎಪ್ಪತ್ತರ ದಶಕದ ಆ ಯುಗಳ ಬಂತು. ಸಾಲಿನ ಕೊನೆ, ಗಾಯಕಿ ಉಸಿರು ತೆಗೆದುಕೊಂಡರು, ನಾನು ಜಾರಿಸಿದೆ. ಮುಂದೆ ಕುರ್ಚಿಯಲ್ಲಿದ್ದ ಹಿರಿಯರೊಬ್ಬರ ತಲೆ ಸರಿಯಾಗಿ ಆ ಜಾಗಕ್ಕೇ ತೂಗಿತು. ಅಷ್ಟು ಜನರಲ್ಲಿ ನನಗೆ ಕಂಡದ್ದು ಅದೊಂದೇ ತಲೆ, ಆದರೆ ಪ್ರತಿ ಸಲವೂ ಅಲ್ಲೇ ತೂಗುತ್ತಿತ್ತು. ಹಾಡು ಮುಗಿದ ಮೇಲೆ ಕೊಳಲಿನವರು ಮೇಷ್ಟ್ರ ಕಡೆ ಬಗ್ಗಿ, "ಏನ್ ಸಾರ್, ತಬಲಾ ಟ್ರ್ಯಾಕ್ ಹಾಕ್ಕೊಂಡಿದೀರಾ?" ಅಂದರು. ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. ಡ್ರಮ್ಮರ್ ಮಾತ್ರ ಊಟಕ್ಕೆ ಕೂತಾಗ, "ಡಗ್ಗಾ ಶಬ್ದ ನನ್ ಪ್ಯಾಡಲ್ಲೇ ಐತಲ್ಲಣ್ಣ, ಒಂದ್ ಮಾತ್ ಹೇಳಿದ್ರೆ ನಾನೇ ಹೊಡೀತಿದ್ದೆ" ಅಂದ. ಪ್ಯಾಡಿನ ಡಗ್ಗಾ ಪ್ರತಿ ಸಲವೂ ಒಂದೇ ಅಳತೆಗೆ ಜಾರುತ್ತದೆ, ಗಾಯಕಿಯ ಉಸಿರು ಹಾಗಲ್ಲ ಅಂತ ಹೇಳಿದೆ. ಅವನು ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಮೆಡ್ಲಿಯಲ್ಲಿ ಈ ಸೂಕ್ಷ್ಮಗಳಿಗೆಲ್ಲ ಬೆಲೆಯಿಲ್ಲ. ಹುಡುಗರು ಅಂಗಿ ಬಿಚ್ಚಿ ತಲೆಗೆ ಸುತ್ತಿಕೊಂಡು ಕುಣಿಯುವಾಗ ನಾನು ಡ್ರಮ್ಮರ್ ಹೇಳಿದ್ದನ್ನೇ ಮಾಡುತ್ತೇನೆ, ಕಿಕ್ ಬಿದ್ದ ಕಡೆ ಬೀಳುತ್ತೇನೆ. ಅಲ್ಲಿ ಮೂಲದ ಬೇಸ್ ಹುಡುಕುವುದು ಜಾತ್ರೆಯಲ್ಲಿ ಪಿಸುಗುಟ್ಟಿದ ಹಾಗೆ.

ನನಗೆ ಇನ್ನೂ ಬಗೆಹರಿಯದೆ ಉಳಿದಿರುವುದು ಗಿಟಾರೇ ಇಲ್ಲದ ಬೇಸ್. 1983ರಲ್ಲಿ ಯಮಹಾದ ಡಿಎಕ್ಸ್7 ಅನ್ನುವ ಕೀಬೋರ್ಡು ಬಂದ ಮೇಲೆ ಎಂಬತ್ತರ ಕೊನೆಯ, ತೊಂಬತ್ತರ ಎಷ್ಟೋ ಹಾಡುಗಳಲ್ಲಿ ಬೇಸ್ ಕೀಬೋರ್ಡಿನದ್ದು. ತಂತಿಯ ಸ್ವರ ಹೊಡೆದ ಕ್ಷಣದಿಂದ ಆರುತ್ತಾ ಹೋಗುತ್ತದೆ. ಕೀಬೋರ್ಡಿನ ಸ್ವರವನ್ನು ಬೆರಳು ಎತ್ತುವ ತನಕ ಅದೇ ಎತ್ತರದಲ್ಲಿ ಹಿಡಿದಿಡಬಹುದು. ಈಚಿನ ಹಾಡುಗಳಲ್ಲಂತೂ ಡ್ರಮ್ ಯಂತ್ರದ ಕಿಕ್ಕನ್ನೇ ಉದ್ದಕ್ಕೆ ಎಳೆದು, ಸ್ವರಕ್ಕೆ ಕೂರಿಸಿ, ಮೇಲೆ ಕೆಳಗೆ ಜಾರಿಸುತ್ತಾರೆ. ನನ್ನ ಐದನೇ ತಂತಿಗೂ ಕೆಳಗೆ ಹೋಗುವುದುಂಟು. ಹೋದ ವಾರ ಮೇಷ್ಟ್ರು ಮುಂದಿನ ಸೀಸನ್ನಿನ ಪಟ್ಟಿ ಕಳಿಸಿದರು, ಅರ್ಧ ಅಂಥವೇ. "ಅವಕ್ಕೆಲ್ಲ ನಾನೇ ಎಡಗೈಲಿ ಬೇಸ್ ಹಾಕ್ಕೊಂಡ್ಬಿಡ್ತೀನಿ, ಕ್ಯಾಸೆಟ್ಟಲ್ಲಿರೋ ಥರಾನೇ ಬರುತ್ತೆ" ಅಂದರು. ಬರುತ್ತದೆ, ನಿಜ. ಅದರ ಜೊತೆಗೆ ನಾನೂ ಕೆಳಗೆ ನುಡಿಸಿದರೆ ಇಬ್ಬರೂ ಸೇರಿ ಕೆಸರು. ನಾನು ಗಿಟಾರಿನ ಹಾಗೆ ಮೇಲಿನ ಸ್ಥಾಯಿಯಲ್ಲಿ ಏನಾದರೂ ನುಡಿಸಬೇಕು, ಇಲ್ಲವೇ ಆ ಹಾಡುಗಳಿಗೆ ಇಳಿದು ಹೋಗಿ ಕಾಫಿ ಕುಡಿಯಬೇಕು. ಕೆಳಗಿನ ಮನೆಯಲ್ಲಿ ಒಬ್ಬರೇ ಇರುವುದಾದರೆ ಅದು ತಂತಿ ವಾದ್ಯವಾಗಿರಲಿ, ಗಾಯಕಿಯ ಉಸಿರಿಗೆ ತಕ್ಕ ಹಾಗೆ ಹಿಂದೆ ಮುಂದೆ ಆಗಬಲ್ಲದ್ದಾಗಿರಲಿ ಅನ್ನುವುದು ನನ್ನ ವಾದ. ಮೇಷ್ಟ್ರು ಒಪ್ಪಿಲ್ಲ. ಭಾನುವಾರ ಶೆಡ್ಡಿನಲ್ಲಿ ಎರಡೂ ಥರ ನುಡಿಸಿ, ಗಾಯಕಿಯವರನ್ನು ಹೊರಗೆ ಗೇಟಿನ ಹತ್ತಿರ ನಿಲ್ಲಿಸಿ ಕೇಳಿಸುವುದು ಅಂತ ಸದ್ಯಕ್ಕೆ ಮಾತಾಗಿದೆ.